ಐದು ಗೇರು ಯಾರಿಗೆ?

2025ರಲ್ಲಿ ಬಂದ ಹೊಸ ಡುಕಾಟಿ ಪಾನಿಗಾಲೆ ವಿ4: 1103 ಸಿಸಿ, 216 ಕುದುರೆಶಕ್ತಿ, ಬಂದಾಗಿನ ಬೆಲೆ ಸುಮಾರು 30 ಲಕ್ಷ. ಮುಂಬಯಿಯ ಬೈಕ್ ಪ್ರಿಯರು ಹೊಗಳುವುದು ಮುಖ್ಯವಾಗಿ ಅದು ತಿರುವುಗಳಲ್ಲಿ ಬಾಗುವ ಬಗೆಯನ್ನು. ಯಾವ ತಿರುವು ಸ್ವಾಮಿ, ಸಾಕಿನಾಕಾದ್ದೇ?

ಬಾಂದ್ರಾ-ವರ್ಲಿ ಸೀ ಲಿಂಕಿನಲ್ಲಿ ಬೈಕಿಗೆ ಪ್ರವೇಶವಿಲ್ಲ. ಕೋಸ್ಟಲ್ ರೋಡಿನಲ್ಲಿಲ್ಲ, 2024ರಲ್ಲಿ ತೆರೆದ 21.8 ಕಿ.ಮೀ. ಉದ್ದದ ಅಟಲ್ ಸೇತುವಿನಲ್ಲಿಲ್ಲ, ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ ಇಲ್ಲ. ಹಳೇ ಸ್ಕೂಟರಿಗೂ ಇದಕ್ಕೂ ಅಲ್ಲಿ ಒಂದೇ ಬೋರ್ಡು. ಉಳಿದದ್ದು ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಂಥವು. ಮೊದಲ ಗೇರಿನಲ್ಲೇ ನೂರು ದಾಟುವ ಗಾಡಿಗೆ ಅಲ್ಲಿ ಇನ್ನೈದು ಗೇರು ಬರೀ ಅಲಂಕಾರ. ಅಂಧೇರಿಯ ಸಿಗ್ನಲ್ಲಿನಲ್ಲಿ ಸವಾರನಿಗೆ ನಿಜವಾಗಿ ಅನುಭವಕ್ಕೆ ಬರುವುದು ತೊಡೆ ಸುಡುವ ಬಿಸಿ. ಗಾಡಿ ನಿಂತಾಗ ಹಿಂದಿನ ಎರಡು ಸಿಲಿಂಡರು ತಾವಾಗಿ ಆರುವ ವ್ಯವಸ್ಥೆಯನ್ನು ಕಂಪನಿಯೇ ಇಟ್ಟಿದೆ. ಬಿಸಿಯನ್ನು ತಯಾರಕರು ಒಪ್ಪಿಕೊಂಡರೂ ಅಭಿಮಾನಿಗಳು ಒಪ್ಪುವುದಿಲ್ಲ!

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಈ ಹೊಗಳಿಕೆಯಲ್ಲಿ ಪದೇ ಪದೇ ನುಸುಳುವ ಇನ್ನೊಂದು ಮಾತಿದೆ: ಭಾನುವಾರ ನಸುಕಿನ 'ಖಾಲಿ ರಸ್ತೆ'. ನವಿ ಮುಂಬಯಿಯ ಪಾಮ್ ಬೀಚ್ ರೋಡು ಆ ಹೊತ್ತಿಗೆ ಯಾರಿಗೆ ಖಾಲಿ? ಕಸ ಗುಡಿಸುವವಳು, ಹಾಲಿನವನು, ಪೇಪರ್ ಹಾಕುವ ಹುಡುಗ ಆ ಹೊತ್ತಿಗೇ ರಸ್ತೆಗಿಳಿಯುತ್ತಾರೆ. ಅವರನ್ನು ಲೆಕ್ಕದಿಂದ ತೆಗೆದ ಮೇಲಷ್ಟೇ ರಸ್ತೆ ಖಾಲಿಯಾಗುತ್ತದೆ.

ವೇಗದ ಹಂಬಲ ತಪ್ಪಲ್ಲ. ಅದಕ್ಕೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಇದೆ, ಕೊಯಮತ್ತೂರಿನ ಕರಿ ಟ್ರ್ಯಾಕ್ ಇದೆ. ದೂರ, ನಿಜ. ಗಾಡಿಗೆ 30 ಲಕ್ಷ ಕೊಟ್ಟವರು ಅದನ್ನು ಲಾರಿಗೇರಿಸಿ ಅಲ್ಲಿಗೆ ಕಳಿಸುವ ಖರ್ಚಿಗೆ ಮಾತ್ರ ಯಾಕೆ ಹಿಂದೆಮುಂದೆ ನೋಡಬೇಕು?