ಅಜ್ಜನ ಮುಖ, ಮೊಮ್ಮಗನ ಕಾಲು: ಗಾಡಿಯ ವಯಸ್ಸೆಷ್ಟು?

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಕ್ಯಾಬ್ ಅಂದ್ರೆ ಓಲಾ, ಊಬರ್ ಅಲ್ಲ. ಟ್ರಕ್ಕಿನಲ್ಲಿ ಡ್ರೈವರ್ ಕೂರುವ ಗೂಡು, ನಮ್ಮ ಲಾರಿಯವರು ಕ್ಯಾಬಿನ್ ಅಂತಾರಲ್ಲ, ಅದು. ಅಮೆರಿಕದಲ್ಲಿ ಇದರ ಸುತ್ತ ದೊಡ್ಡ ಹುಚ್ಚೇ ಇದೆ. 1940-50ರ ದಶಕದ ಹಳೇ ಟ್ರಕ್ಕಿನ ಕ್ಯಾಬಿನ್ ಎತ್ತಿ, 1990ರ ನಂತರದ ಡೀಸೆಲ್ ಪಿಕಪ್ಪಿನ ಚಾಸಿಸ್ ಮೇಲೆ ಕೂರಿಸೋದು. ಮೇಲಿಂದ ನೋಡಿದ್ರೆ ಕಪ್ಪು-ಬಿಳುಪು ಸಿನಿಮಾದಿಂದ ಇಳಿದು ಬಂದ ಹಾಗಿರುತ್ತೆ. ಬಗ್ಗಿ ನೋಡಿದ್ರೆ ಟರ್ಬೊ, ಪವರ್ ಸ್ಟೀರಿಂಗ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್.

ಇಂಥ ವಿಡಿಯೊಗಳ ಕೆಳಗೆ ಯಾವಾಗಲೂ ಒಂದೇ ಜಗಳ. ಒಂದು ಕಡೆಯವರು “ಇತಿಹಾಸವನ್ನ ಕೊಯ್ದು ಹಾಕಿದ್ರು” ಅಂತಾರೆ. ಇನ್ನೊಂದು ಕಡೆಯವರು “ಗುಜರಿಗೆ ಹೋಗಬೇಕಿದ್ದ ಗಾಡಿಗೆ ಜೀವ ಕೊಟ್ರು” ಅಂತಾರೆ. ನಾನು ಎರಡನೇ ಕಡೆಯವನೇ. ಆದರೆ ಇಬ್ಬರೂ ಬಿಟ್ಟುಬಿಡುವ ಪ್ರಶ್ನೆ ಒಂದಿದೆ, ನನ್ನ ತಕರಾರು ಇರೋದು ಅಲ್ಲಿ. ಕೆಲಸ ಮುಗಿದ ಮೇಲೆ ಆ ಗಾಡಿ ಕಾಗದದಲ್ಲಿ ಯಾವ ವರ್ಷದ್ದು? ಬಹಳ ಜನ 1951 ಅಂತ ಬರೆಸ್ತಾರೆ. ಅದು ತಪ್ಪು ಅನ್ನೋದು ನನ್ನ ವಾದ. ಚಾಸಿಸ್ ಯಾವ ವರ್ಷದ್ದೋ, ಗಾಡಿಯೂ ಆ ವರ್ಷದ್ದೇ.

ಯಾಕೆ ಅಂತ ಹೇಳೋಕೆ ಮುಂಚೆ ಕೆಲಸ ಏನು ಅಂತ ನೋಡೋಣ. ಒಂದೇ ಉದಾಹರಣೆ ತಗೊಳ್ತೀನಿ. 1948ರಿಂದ 1953ರವರೆಗೆ ಡಾಜ್ ಕಂಪನಿ ‘ಪೈಲಟ್ ಹೌಸ್’ ಅನ್ನೋ ಕ್ಯಾಬಿನ್ ಇದ್ದ ಪಿಕಪ್‌ಗಳನ್ನು ಮಾಡ್ತಿತ್ತು. ಹಡಗಿನ ಚಾಲಕನ ಕೋಣೆಯ ಹಾಗೆ ಎತ್ತರಕ್ಕೆ ಕೂತು ಸುತ್ತ ನೋಡಬಹುದು ಅಂತ ಆ ಹೆಸರು. ಒಳಗೆ ಸಾಲಾಗಿ ಆರು ಸಿಲಿಂಡರ್‌ಗಳ ಫ್ಲ್ಯಾಟ್‌ಹೆಡ್ ಪೆಟ್ರೋಲ್ ಎಂಜಿನ್, ಶಕ್ತಿ ನೂರು ಎಚ್‌ಪಿ ಆಸುಪಾಸು. 6 ವೋಲ್ಟ್ ಬ್ಯಾಟರಿ, ಅದರಲ್ಲೂ ಪಾಸಿಟಿವ್ ತಂತಿ ಬಾಡಿಗೆ ಅರ್ಥ್! ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹೊಲದಿಂದ ಪೇಟೆಗೆ ಕಾಳು ಸಾಗಿಸೋಕೆ ಮಾಡಿದ ಗಾಡಿ ಅದು. ಇವತ್ತಿನ ಅಮೆರಿಕದ ಹೈವೇಯಲ್ಲಿ ಸುತ್ತಲೂ ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡುವವರ ಮಧ್ಯೆ ಅದನ್ನ ಬಿಟ್ರೆ ಓಡಿಸುವವನಿಗೂ ಕಷ್ಟ, ಹಿಂದಿನವನಿಗೂ ಕಷ್ಟ.

ಇನ್ನು ಕೆಳಗೆ ಬರುವವನು. 1989ರಲ್ಲಿ ಡಾಜ್ ತನ್ನ ಪಿಕಪ್‌ಗೆ ಕಮ್ಮಿನ್ಸ್ ಕಂಪನಿಯ 5.9 ಲೀಟರ್ ಡೀಸೆಲ್ ಎಂಜಿನ್ ಹಾಕಿತು. ಬೋರ್ 102 ಮಿ.ಮೀ., ಸ್ಟ್ರೋಕ್ 120 ಮಿ.ಮೀ., ಆರು ಸಿಲಿಂಡರ್. ಬೇಕಿದ್ರೆ ಲೆಕ್ಕ ಹಾಕಿ ನೋಡಿ, 5.88 ಲೀಟರ್ ಬರುತ್ತೆ. ಆಗ ಅದರ ಶಕ್ತಿ 160 ಎಚ್‌ಪಿ, ಟಾರ್ಕ್ ಸುಮಾರು 540 ನ್ಯೂಟನ್-ಮೀಟರ್. ಹಳೇ ಫ್ಲ್ಯಾಟ್‌ಹೆಡ್‌ನ ಟಾರ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು. 1998ರ ಮಧ್ಯದವರೆಗೆ ಬಂದ 12 ವಾಲ್ವಿನ ಎಂಜಿನ್ ಅಂದ್ರೆ ಈ ಕೆಲಸ ಮಾಡುವವರಿಗೆ ಪ್ರಾಣ, ಯಾಕಂದ್ರೆ ಅದರ ಇಂಜೆಕ್ಷನ್ ಪಂಪ್ ಪೂರಾ ಮೆಕ್ಯಾನಿಕಲ್. ಕಂಪ್ಯೂಟರ್ ಇಲ್ಲದೆ ಓಡುತ್ತೆ. ಸೆನ್ಸರ್ ತಂತಿಗಳ ಜಾಲ ಹಳೇ ಕ್ಯಾಬಿನ್ ಒಳಗೆ ಎಳೆಯುವ ತಲೆನೋವಿಲ್ಲ.

ಈ ಎಂಜಿನ್ ನಮಗೆ ಅಪರಿಚಿತ ಏನಲ್ಲ. ಇದೇ ‘ಬಿ’ ಸರಣಿಯ ಎಂಜಿನ್‌ಗಳನ್ನು ಜಮ್‌ಶೆಡ್‌ಪುರದಲ್ಲಿ ಟಾಟಾ ಕಮ್ಮಿನ್ಸ್ ತಯಾರಿಸುತ್ತೆ, ಆ ಜಂಟಿ ಕಂಪನಿ ಶುರುವಾಗಿದ್ದು 1993ರಲ್ಲಿ. ನಮ್ಮ ಘಾಟಿಗಳಲ್ಲಿ ಜಲ್ಲಿ, ಕಬ್ಬಿಣ ಹೊತ್ತು ಹತ್ತುವ ಎಷ್ಟೋ ಟಾಟಾ ಲಾರಿಗಳ ಹೊಟ್ಟೆಯಲ್ಲಿ ಇದರ ಅಣ್ಣತಮ್ಮಂದಿರೇ ಇದ್ದಾರೆ. ಅಲ್ಲಿ ಶೋಕಿಗೆ ಇಟ್ಟುಕೊಳ್ಳೋದನ್ನ ಇಲ್ಲಿ ಹೊಟ್ಟೆಪಾಡಿಗೆ ಓಡಿಸ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಾದ್ರೆ ಎಂಜಿನ್ ಮಾತ್ರ ತಂದು ಹಳೇ ಫ್ರೇಮಿಗೇ ಹಾಕಬಹುದಲ್ವಾ, ಚಾಸಿಸ್ ಪೂರ್ತಿ ಯಾಕೆ ಬದಲಿಸಬೇಕು? ಈ ಕಮ್ಮಿನ್ಸ್ ಸುಮಾರು 500 ಕೆ.ಜಿ. ತೂಗುತ್ತೆ. ಆ ತೂಕವನ್ನು 1951ರ ಮುಂದಿನ ಆಕ್ಸಲ್ ಮೇಲೆ ಇಟ್ಟರೆ ಪಟ್ಟಾ ಕೂತುಬಿಡುತ್ತೆ. ಅಷ್ಟು ಟಾರ್ಕ್ ಕೊಟ್ರೆ ಹಳೇ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ತಡೆಯಲ್ಲ. ಅದನ್ನೆಲ್ಲ ಬದಲಿಸಿದ್ರೂ ಬ್ರೇಕ್ ಉಳಿಯುತ್ತೆ. ಒಂದೊಂದೇ ಬದಲಿಸ್ತಾ ಹೋದ್ರೆ ಕೊನೆಗೆ ಹಳೇ ಫ್ರೇಮಿನಲ್ಲಿ ಎರಡು ಕಬ್ಬಿಣದ ಉದ್ದ ಪಟ್ಟಿ ಬಿಟ್ಟು ಬೇರೇನೂ ಉಳಿದಿರಲ್ಲ. ಅದಕ್ಕಿಂತ ಮೈಯೆಲ್ಲ ತುಕ್ಕು ಹಿಡಿದು ಎಂಜಿನ್ ಮಾತ್ರ ಗಟ್ಟಿಯಾಗಿರೋ ಒಂದು ಡಾಜ್ ರ‍್ಯಾಮ್ ಹುಡುಕಿ, ಅದರ ಚಾಸಿಸ್ ಪೂರ್ತಿ ತಗೊಳ್ಳೋದು ಬುದ್ಧಿವಂತಿಕೆ. ಎಂಜಿನ್ ಮೌಂಟ್, ಸ್ಟೀರಿಂಗ್, ಬ್ರೇಕ್, ಆಕ್ಸಲ್ ಎಲ್ಲವೂ ಒಂದಕ್ಕೊಂದು ಹೊಂದುವ ಹಾಗೆ ಕಂಪನಿಯ ಎಂಜಿನಿಯರುಗಳೇ ಕೂತು ಲೆಕ್ಕ ಹಾಕಿ ಮಾಡಿರ್ತಾರೆ. ಅದನ್ನ ನಮ್ಮ ಗ್ಯಾರೇಜಿನಲ್ಲಿ ಮತ್ತೆ ಕಂಡುಹಿಡಿಯೋಕೆ ಹೋಗಬಾರದು.

ಇನ್ನೊಂದು ಮಜಾ ಇದೆ. ಹಳೇ ಡಾಜ್‌ಗೂ ಸಾಲು-ಆರು ಎಂಜಿನ್, ಕಮ್ಮಿನ್ಸ್ ಕೂಡ ಸಾಲು-ಆರು. ಆ ಕಾಲದ ಬಾನೆಟ್ ಉದ್ದಕ್ಕೆ, ಸಪೂರಕ್ಕೆ ಇರೋದೇ ಅದಕ್ಕೆ. ವಿ-8 ಹಾಕೋಕೆ ಹೋದ್ರೆ ಅಗಲ ಸಾಲಲ್ಲ. ಕಮ್ಮಿನ್ಸ್‌ಗೆ ಅಗಲದ ಚಿಂತೆ ಕಮ್ಮಿ, ಎತ್ತರ ಮತ್ತು ಉದ್ದ ಮಾತ್ರ ಕಾಡುತ್ತೆ. ಫೈರ್‌ವಾಲ್ ಸ್ವಲ್ಪ ಹಿಂದಕ್ಕೆ ತಳ್ಳಬೇಕು, ರೇಡಿಯೇಟರ್ ಮುಂದೆ ಇಂಟರ್‌ಕೂಲರ್‌ಗೆ ಜಾಗ ಹುಡುಕಬೇಕು, ಗೇರ್‌ಬಾಕ್ಸಿನ ಮೇಲೆ ನೆಲದಲ್ಲಿ ದಿಬ್ಬ ಮಾಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಎಂಜಿನ್ನಿನ ಹಾಗೆ ಥ್ರಾಟಲ್ ಇರಲ್ಲ, ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಹುಟ್ಟಲ್ಲ. ಹಾಗಾಗಿ ಬ್ರೇಕ್ ಬೂಸ್ಟರಿಗೆ ಬೇರೆ ವ್ಯವಸ್ಥೆ ಬೇಕೇ ಬೇಕು. ಹಳೇ ಕ್ಯಾಬಿನ್ನಿನಲ್ಲಿ ಬೂಸ್ಟರ್‌ಗೆ ಅಂತ ಜಾಗವೇ ಇರಲ್ಲ, ಅದೊಂದು ಸರ್ಕಸ್ಸು.

ಎಲ್ಲಕ್ಕಿಂತ ದೊಡ್ಡ ಕೆಲಸ ಉದ್ದ. ಮುಕ್ಕಾಲು ಟನ್ನಿನ ಹಳೇ ಡಾಜ್‌ನ ವೀಲ್‌ಬೇಸ್ 116 ಇಂಚು. 1994ರ ನಂತರದ ಸಿಂಗಲ್ ಕ್ಯಾಬಿನ್, ಉದ್ದ ಡಬ್ಬದ ರ‍್ಯಾಮ್‌ನದ್ದು 134.7 ಇಂಚು. ಹಳೇ ಕ್ಯಾಬಿನ್ ಜತೆ ಹಳೇ ಡಬ್ಬ, ಹಳೇ ಮಡ್‌ಗಾರ್ಡ್ ಎಲ್ಲ ಸರಿಯಾಗಿ ಕೂರಬೇಕು ಅಂದ್ರೆ 18.7 ಇಂಚು, ಅಂದ್ರೆ 47 ಸೆಂ.ಮೀ. ಫ್ರೇಮ್ ಕತ್ತರಿಸಿ ತೆಗೀಬೇಕು. ಎರಡನೇ ವರ್ಷದಲ್ಲಿ ಬೆಂಡಿಂಗ್ ಮೊಮೆಂಟ್ ಡಯಾಗ್ರಮ್ ಬರೆದು ಬರೆದು ಸುಸ್ತಾದ ನಮಗೆ ಇದು ಅರ್ಥ ಆಗುವ ವಿಷಯ. ಫ್ರೇಮಿನ ಮೇಲಿನ, ಕೆಳಗಿನ ಫ್ಲೇಂಜಿನಲ್ಲೇ ಅತಿ ಹೆಚ್ಚು ಸ್ಟ್ರೆಸ್ ಇರೋದು. ನೇರವಾಗಿ ಅಡ್ಡಕ್ಕೆ ಕೊಯ್ದು ಬೆಸುಗೆ ಹಾಕಿದ್ರೆ ಇಡೀ ಬೆಸುಗೆ ಒಂದೇ ಗೆರೆಯಲ್ಲಿ ನಿಲ್ಲುತ್ತೆ, ಬಿರುಕು ಬಿಟ್ರೆ ಅಲ್ಲೇ ಉದ್ದಕ್ಕೂ ಓಡುತ್ತೆ. ಅದಕ್ಕೇ ತಿಳಿದವರು ಮೆಟ್ಟಿಲಿನ ಹಾಗೆ ಕತ್ತರಿಸಿ, ಒಳಗಿನಿಂದ ಪ್ಲೇಟ್ ಕೊಟ್ಟು, ಆ ಪ್ಲೇಟಿನ ತುದಿಯನ್ನೂ ಓರೆ ಮಾಡ್ತಾರೆ. ಫ್ಲೇಂಜಿನಲ್ಲಿ ಹೊಸ ತೂತು ಕೊರೆಯಲ್ಲ, ಕೊರೆದ್ರೆ ಮಧ್ಯದ ವೆಬ್‌ನಲ್ಲೇ. ಆಮೇಲೆ ಪ್ರೊಪೆಲ್ಲರ್ ಶಾಫ್ಟನ್ನೂ ಗಿಡ್ಡ ಮಾಡಿ ಬ್ಯಾಲೆನ್ಸ್ ಮಾಡಿಸಬೇಕು. ನಾನು ನೋಡಿದ ವಿಡಿಯೊಗಳಲ್ಲಿ ಪೇಂಟಿಂಗಿಗೆ ಇಪ್ಪತ್ತು ನಿಮಿಷ, ಈ ಬೆಸುಗೆಗೆ ಇಪ್ಪತ್ತು ಸೆಕೆಂಡು.

ಹಳೇದನ್ನ ಹಾಳು ಮಾಡಿದ್ರು ಅನ್ನುವವರಿಗೆ ನನ್ನ ಉತ್ತರ ಚಿಕ್ಕದು. ಪೂರ್ತಿ ಗಾಡಿ, ಓಡುವ ಎಂಜಿನ್, ಒಳ್ಳೇ ಫ್ರೇಮ್ ಇದ್ರೆ ಮುಟ್ಟಬೇಡಿ, ನಾನೂ ಒಪ್ತೀನಿ. ಎಂಜಿನ್ ಹಿಡಿದು ಹೋಗಿ, ಹೊಲದ ಬದಿಯಲ್ಲಿ ಹುಲ್ಲು ಬೆಳೆಸಿಕೊಂಡು ನಿಂತಿದ್ದ ಕ್ಯಾಬಿನ್ ಆದ್ರೆ ಅದನ್ನ ಓಡಿಸಿದವನಿಗೆ ಒಂದು ನಮಸ್ಕಾರ.

ಈಗ ಕಾಗದಕ್ಕೆ ಬರೋಣ. ಅಮೆರಿಕದಲ್ಲಿ ಗಾಡಿಯ ಒಡೆತನದ ಪತ್ರ ಕೊಡೋದು ಆಯಾ ರಾಜ್ಯ. 17 ಅಕ್ಷರದ ಗಾಡಿ ನಂಬರ್ ಎಲ್ಲ ಕಡೆ ಒಂದೇ ರೀತಿ ಆಗಿದ್ದು 1981ರಿಂದ. ಅದಕ್ಕೆ ಮುಂಚಿನ ಗಾಡಿಗಳಿಗೆ ಒಂದು ಚಿಕ್ಕ ಸೀರಿಯಲ್ ಪ್ಲೇಟ್ ಇರ್ತಿತ್ತು. ಕ್ಯಾಬಿನ್ ಜತೆ ಆ ಪ್ಲೇಟೂ ಬರುತ್ತೆ, 1951ರ ಪತ್ರವೂ ಬರುತ್ತೆ. ಅದನ್ನೇ ಇಟ್ಟುಕೊಂಡ್ರೆ ಏನು ಲಾಭ? ಅಮೆರಿಕದ ಕೇಂದ್ರ ಸರ್ಕಾರದ ಹೊಗೆ ನಿಯಮ ಶುರುವಾಗಿದ್ದೇ 1968ರ ಮಾಡೆಲ್‌ಗಳಿಂದ. 1951ರ ಗಾಡಿಗೆ ಯಾವ ನಿಯಮವೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಹಗುರ ಡೀಸೆಲ್ ಗಾಡಿಗಳಲ್ಲಿ 1998 ಮತ್ತು ಆಮೇಲಿನವಕ್ಕೆ ಹೊಗೆ ತಪಾಸಣೆ ಇದೆ, 1997 ಮತ್ತು ಹಿಂದಿನವಕ್ಕೆ ಇಲ್ಲ. 12 ವಾಲ್ವಿನ ಹಳೇ ಎಂಜಿನ್ ಆದ್ರೆ ದೊಡ್ಡ ವ್ಯತ್ಯಾಸ ಆಗಲಿಕ್ಕಿಲ್ಲ. ಆದರೆ ಇತ್ತೀಚೆಗೆ 2007ರ ಮಧ್ಯದ ನಂತರದ 6.7 ಲೀಟರ್ ಕಮ್ಮಿನ್ಸ್ ಚಾಸಿಸ್ ಮೇಲೂ ಹಳೇ ಕ್ಯಾಬಿನ್ ಕೂರಿಸ್ತಾರೆ. ಅದಕ್ಕೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತೆ. ಫಿಲ್ಟರ್ ಕಿತ್ತು ಬಿಸಾಕಿ, ಕಾಗದದಲ್ಲಿ 1951 ಅಂತ ಇಟ್ಟುಕೊಂಡ್ರೆ ಕೇಳೋರು ಯಾರು?

ಇದನ್ನ ನಾನು ಜಾಣತನ ಅಂತ ಕರೆಯಲ್ಲ. ಆ ಮಸಿ ಹೋಗೋದು ಹಿಂದೆ ಬೈಕಿನಲ್ಲಿ ಬರುವವನ ಶ್ವಾಸಕೋಶಕ್ಕೆ. ಅವನಿಗೆ ಮುಂದಿನ ಗಾಡಿಯ ಬಾನೆಟ್ ಎಷ್ಟು ಚೆಂದ ಅಂತ ಕಾಣೋದೂ ಇಲ್ಲ. ಇನ್ನು ಕೆಲವರು ಹಳೇ ಪ್ಲೇಟ್ ಕಿತ್ತು ಹೊಸ ಫ್ರೇಮಿಗೆ ರಿವೆಟ್ ಹೊಡೀತಾರೆ, ಫ್ರೇಮಿನ ನಂಬರ್ ಉಜ್ಜಿ ಅಳಿಸ್ತಾರೆ. ಅದು ಅಲ್ಲಿ ಕೇಂದ್ರ ಕಾನೂನಿನ ಪ್ರಕಾರ ಅಪರಾಧ, ಐದು ವರ್ಷದವರೆಗೆ ಜೈಲು ಆಗಬಹುದು. ಕದ್ದ ಗಾಡಿ ಮಾರುವವರ ದಾರಿಯೂ ಅದೇ ಆಗಿರೋದ್ರಿಂದ ಆ ಕಾನೂನು ಬಂದಿದೆ.

ನಮ್ಮ ಲಾರಿಯವರಿಗೆ ಈ ವಿಷಯದಲ್ಲಿ ಗೊಂದಲವೇ ಇಲ್ಲ. ನನ್ನ ದೊಡ್ಡಮ್ಮನ ಮಗ ಎರಡು ಲಾರಿ ಇಟ್ಟಿದ್ದಾನೆ. ಅವನಿಗೆ ಇಂಥ ಒಂದು ಡಾಜ್‌ನ ಫೋಟೋ ತೋರಿಸಿ, “ಅಣ್ಣ, ಇದು ಎಷ್ಟು ಹಳೇದು ಹೇಳು ನೋಡೋಣ” ಅಂದೆ. “ಮುಖ ತೋರಿಸಬೇಡ ಕಣೋ, ಚಾಸಿಸ್ ನಂಬರ್ ಏನಿದೆ ಹೇಳು” ಅಂದ. ಇಲ್ಲಿ ದಶಕಗಳಿಂದ ಎಷ್ಟೋ ಲಾರಿಗಳು ಕಂಪನಿಯಿಂದ ಬರೀ ಚಾಸಿಸ್ ಆಗಿ ಬರ್ತಿದ್ವು, ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲಲ್ಲಿ ಓಡಿಸಿಕೊಂಡು ಬರ್ತಿದ್ದ. ಕ್ಯಾಬಿನ್, ಬಾಡಿ ಎಲ್ಲ ಆಮೇಲೆ ಬಾಡಿ ಬಿಲ್ಡಿಂಗ್ ಶೆಡ್ಡಿನಲ್ಲಿ. ಹಾಗಾಗಿ ಆರ್‌ಸಿ ಪುಸ್ತಕದಲ್ಲಿ ಗುರುತು ಅಂದ್ರೆ ಚಾಸಿಸ್ ನಂಬರ್, ಎಂಜಿನ್ ನಂಬರ್. ಕ್ಯಾಬಿನ್ನಿಗೆ ನಂಬರ್ ಯಾರು ಕೊಡ್ತಾರೆ?

ಬ್ರಿಟನ್ನಿನಲ್ಲೂ ಬಹಳ ವರ್ಷ ಹೆಚ್ಚುಕಮ್ಮಿ ಇದೇ ಲೆಕ್ಕ ಇತ್ತು. ಹಳೇ ನಂಬರ್ ಉಳಿಸಿಕೊಳ್ಳೋಕೆ ಗಾಡಿಗೆ 8 ಅಂಕ ಬೇಕು. ಚಾಸಿಸ್‌ಗೆ 5 ಅಂಕ, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್‌ಗೆ ತಲಾ 2, ಎಂಜಿನ್‌ಗೆ 1. ಚಾಸಿಸ್ ಮೇಲೆ ಕೂರುವ ಕ್ಯಾಬಿನ್ನಿಗೆ ಸೊನ್ನೆ. ಎಂಜಿನ್‌ಗೇ ಒಂದು ಅಂಕ ಅಂದ್ರೆ ನಮ್ಮ ಕಮ್ಮಿನ್ಸ್ ಭಕ್ತರಿಗೆ ಬೇಜಾರಾಗಬಹುದು.

ಭಾರತದಲ್ಲಿ ಈ ಕೆಲಸ ಮಾಡೋ ಆಸೆ ಇದ್ದವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿದೆ. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ಮನ್ನಣೆ. ಚಾಸಿಸ್ ಬದಲಿಸಿದ್ರೆ ವಿಂಟೇಜ್ ಅಲ್ಲ. ಅಮೆರಿಕದವರಿಗಿಂತ ನಮ್ಮದು ಬಿಗಿ ಜಾಸ್ತಿ ಆಯ್ತು ಅಂತ ನನಗೆ ಅನಿಸುತ್ತೆ. ಪೂರ್ತಿ ಬೇಡ ಅನ್ನೋದಕ್ಕಿಂತ ಪರೀಕ್ಷೆ ಮಾಡಿ ಬಿಡಬಹುದಿತ್ತು.

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನ ಎತ್ತಿದ್ದು ನನ್ನ ರೂಮ್‌ಮೇಟ್. 1996ರ ಚಾಸಿಸ್ ಅಂದ್ರೆ 1996ರ ಗಾಡಿ ಅಂತೀಯಲ್ಲ, 1996ರ ರ‍್ಯಾಮ್‌ಗೆ ಡ್ರೈವರ್ ಏರ್‌ಬ್ಯಾಗ್ ಇತ್ತು, ನಿನ್ನ ಹಳೇ ಕ್ಯಾಬಿನ್ನಿಗೆ ಸೀಟ್‌ಬೆಲ್ಟೂ ಇರಲಿಲ್ಲ, ಹಾಗಾದ್ರೆ 1996 ಅನ್ನೋದೂ ಸುಳ್ಳೇ ಅಲ್ವಾ? ಸರಿಯಾದ ಪ್ರಶ್ನೆ. ಅದಕ್ಕೇ ಅಮೆರಿಕದ ಹಲವು ರಾಜ್ಯಗಳಲ್ಲಿ ‘ರೀಕನ್‌ಸ್ಟ್ರಕ್ಟೆಡ್’ ಅನ್ನೋ ಬೇರೆ ವರ್ಗವೇ ಇದೆ, ಇಂಥ ಗಾಡಿ ಅಲ್ಲಿಗೇ ಸೇರಬೇಕು. ಹೊಗೆ, ಬ್ರೇಕ್, ಸ್ಟೀರಿಂಗ್ ವಿಷಯದಲ್ಲಿ ಚಾಸಿಸ್‌ನ ವರ್ಷ ನೋಡಲಿ. ಕ್ಯಾಬಿನ್ ಹಳೇದು, ಏರ್‌ಬ್ಯಾಗ್ ಇಲ್ಲ ಅಂತ ಪತ್ರದಲ್ಲೇ ಬರೆಯಲಿ, ಸೀಟ್‌ಬೆಲ್ಟ್ ಮಾತ್ರ ಕಡ್ಡಾಯ ಮಾಡಲಿ. ಮುಂದೆ ಆ ಗಾಡಿ ಕೊಳ್ಳುವವನಿಗೆ ತಾನು ಏನು ಕೊಳ್ತಿದ್ದೀನಿ ಅಂತ ಗೊತ್ತಿರಬೇಕಲ್ವಾ. ಆ ಕತ್ತರಿಸಿದ ಫ್ರೇಮಿನ ಬೆಸುಗೆಯನ್ನ ನೋಂದಣಿಗೆ ಮುಂಚೆ ಒಬ್ಬ ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು, ಕೆಳಗೆ ಮಲಗಿ, ಖುದ್ದಾಗಿ ನೋಡಬೇಕು. ಪೇಂಟ್ ಹೊಡೆಯೋಕೆ ಮುಂಚೆ.