ಲೆಕ್ಕಕ್ಕೆ ಮೊದಲು ಅಳತೆ

ಬೇಸಗೆಯಲ್ಲಿ ದೊಡ್ಡ ಕೆರೆಗಿಳಿದು ಈಜಿದವರಿಗೆ ಈ ಸಂಗತಿ ಗೊತ್ತು. ಮೇಲಿನ ನೀರು ಬೆಚ್ಚಗಿರುತ್ತದೆ. ಆಳಕ್ಕೆ ಚಾಚಿದ ಕಾಲಿಗೆ ತಣ್ಣಗೆ ತಾಗುತ್ತದೆ. ಬೆಚ್ಚನೆಯ ನೀರು ಹಗುರ, ತಣ್ಣೀರು ಭಾರ. ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಇದೇ ಸಂಗತಿ ಒಂದು ಮಹಾಸರೋವರದಲ್ಲಿ ನಡೆದರೆ ಲಕ್ಷಾಂತರ ಜನರ ಕುಡಿಯುವ ನೀರಿನ ಪ್ರಶ್ನೆಯಾಗುತ್ತದೆ.

ಅಮೆರಿಕ ಮತ್ತು ಕೆನಡಾ ದೇಶಗಳ ನಡುವಿನ ಈರಿ ಸರೋವರ ಸುಮಾರು 390 ಕಿಲೋಮೀಟರು ಉದ್ದ. ಗಡಿರೇಖೆ ನೀರಿನ ಮೇಲೆಯೇ ಹಾಯ್ದಿದೆ. ಹೊಲಗಳಿಗೆ ಹಾಕಿದ ಗೊಬ್ಬರದ ರಂಜಕವು ಮಳೆನೀರಿನೊಡನೆ, ವಿಶೇಷವಾಗಿ ಮಾಮೀ ನದಿಯ ಮೂಲಕ, ಸರೋವರ ಸೇರಿ ಪಾಚಿಯನ್ನು ಬೆಳೆಸುತ್ತದೆ. 2014ರ ಆಗಸ್ಟಿನಲ್ಲಿ ಟೊಲಿಡೊ ನಗರದ ನಲ್ಲಿನೀರಿನಲ್ಲಿ ಪಾಚಿಯ ವಿಷ ಕಂಡುಬಂತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ಸುಮಾರು ಮೂರು ದಿನ ಆ ನೀರನ್ನು ಕುಡಿಯಕೂಡದೆಂದು ಅಪ್ಪಣೆಯಾಯಿತು. ಕಾಯಿಸಿದರೂ ಹೋಗುವ ವಿಷವಲ್ಲ ಅದು. ಸರೋವರದ ನಡುಭಾಗದಲ್ಲಿಯೋ, ಸತ್ತ ಪಾಚಿ ತಳಕ್ಕಿಳಿದು ಕೊಳೆತು, ಅಲ್ಲಿಯ ತಣ್ಣೀರಿನ ಪ್ರಾಣವಾಯುವನ್ನು ತಿಂದುಹಾಕುತ್ತದೆ. ತಣ್ಣೀರಿನ ಪದರು ತೆಳುವಾದಷ್ಟೂ ಅದು ಬೇಗ ಮುಗಿಯುತ್ತದೆ.

ಆದ್ದರಿಂದ ನೀರು ಎತ್ತ ಸುತ್ತುತ್ತದೆ, ತಣ್ಣನೆಯ ಪದರು ಎಲ್ಲಿ ಎಷ್ಟು ದಪ್ಪ ಎಂಬುದು ತಿಳಿಯಬೇಕು. ಇದಕ್ಕೆ ವಿಜ್ಞಾನಿಗಳು ಕಂಪ್ಯೂಟರಿನ ನೆರವು ಪಡೆಯುತ್ತಾರೆ. ಸರೋವರವನ್ನು ಚೌಕ ಚೌಕವಾಗಿ, ಪದರು ಪದರಾಗಿ ಭಾಗಿಸಿ, ಗಾಳಿ, ಬಿಸಿಲು, ನದಿಯ ಒಳಹರಿವು ಇವುಗಳಿಂದ ಪ್ರತಿ ಭಾಗದ ನೀರು ಹೇಗೆ ಚಲಿಸೀತೆಂದು ಲೆಕ್ಕಹಾಕುತ್ತಾರೆ. ಬೆಲೆಟ್ಸ್ಕಿ, ಹಾಲಿ, ರಾವ್ ಎಂಬ ಮೂವರು ಇಂಥದೊಂದು ಲೆಕ್ಕವನ್ನು 2013ರಲ್ಲಿ ಪ್ರಕಟಿಸಿದರು. ಚೌಕದ ಬದಿ 2 ಕಿಲೋಮೀಟರು. 2005ರಲ್ಲಿ ನೀರಿನಲ್ಲೇ ಇಳಿಬಿಟ್ಟ ಮಾಪಕಗಳ ಅಂಕಿಗಳೊಡನೆ ಅದನ್ನು ಹೋಲಿಸಿ ನೋಡಿದರು. ನಡುಭಾಗದಲ್ಲಿ ನೀರು ಪ್ರದಕ್ಷಿಣೆಯಾಗಿ ಸುತ್ತುತ್ತದೆ. ಬಿಸಿನೀರು ತಣ್ಣೀರು ಕೂಡುವ ಮಟ್ಟ ಬೋಗುಣಿಯಂತೆ ನಡುವೆ ತಗ್ಗಿರುತ್ತದೆ. ಲೆಕ್ಕವೂ ಮಾಪಕವೂ ಇದನ್ನೇ ಹೇಳಿದವು.

ಆದರೆ ನಮ್ಮ ಗಮನ ಸೆಳೆದದ್ದು ಇನ್ನೊಂದು ಮಾತು. ಸರೋವರದ ಮೇಲೆ ಬೀಸುವ ಗಾಳಿಯ ಅಂಕಿಗಳನ್ನು ಬೇರೆ ರೀತಿಯಾಗಿ ಕೊಟ್ಟರೆ ಉತ್ತರವೂ ಬಹಳ ಬೇರೆಯಾಗುತ್ತಿತ್ತು. ಯಂತ್ರ ಅದೇ, ಗಣಿತ ಅದೇ; ಗಾಳಿಯ ಅಳತೆ ಮಾತ್ರ ಬೇರೆ. ಕಣದಲ್ಲಿ ಕೊಳಗ ತಪ್ಪಿದರೆ ಶಾನುಭೋಗರ ಪುಸ್ತಕ ಎಷ್ಟು ಅಚ್ಚುಕಟ್ಟಾಗಿದ್ದರೇನು?

“ಯಂತ್ರವೇ ಎಲ್ಲವನ್ನೂ ಹೇಳುವಾಗ ನೀರಿನಲ್ಲಿ ಮಾಪಕಗಳನ್ನಿಟ್ಟು ಹಣ ಸುರಿಯುವುದೇಕೆ?” ಎಂದು ಕೇಳುವವರುಂಟು. ಇದು ತಪ್ಪು ಉಳಿತಾಯವೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಆ ಎರಡು ದೇಶಗಳು 2016ರಲ್ಲಿ, ಈರಿಯ ಪಶ್ಚಿಮ ಮತ್ತು ನಡುಭಾಗಗಳಿಗೆ ಸೇರುವ ರಂಜಕವನ್ನು 2008ರ ಪ್ರಮಾಣಕ್ಕಿಂತ ನೂರಕ್ಕೆ 40ರಷ್ಟು ತಗ್ಗಿಸಬೇಕೆಂದು ಗೊತ್ತುಮಾಡಿದವು. ಇಂಥ ಗುರಿಗಳಿಗೆ ಕಂಪ್ಯೂಟರಿನ ಲೆಕ್ಕಗಳೂ ಆಧಾರ. ಲೆಕ್ಕದ ಭಾರ ಕಡೆಗೆ ಬೀಳುವುದು ಗೊಬ್ಬರ ಹಾಕುವ ರೈತನ ಮೇಲೆ. ಅಳತೆ ಸರಿಯಿಲ್ಲದಿದ್ದರೆ ರೈತನಿಗೂ ಅನ್ಯಾಯ, ನೀರು ಕುಡಿಯುವವನಿಗೂ ಅಪಾಯ.

ಗಡಿಯ ಮಗ್ಗುಲಲ್ಲಿ ಬಾಳುವ ನಮಗೆ ಇದರಲ್ಲಿ ಪಾಠವುಂಟು. ಕಚೇರಿಗಳು ಆಚೆಗೊಂದು ಈಚೆಗೊಂದು ಇರಬಹುದು; ಗಾಳಿಗೂ ನೀರಿಗೂ ಆ ಭೇದವಿಲ್ಲ. ಆದ್ದರಿಂದ ಅಳತೆಯ ಪುಸ್ತಕ ಎರಡೂ ಕಡೆಯವರಿಗೆ ತೆರೆದಿರಬೇಕು. ನಾಳೆ ಯಾರಾದರೂ ನಮ್ಮ ಕೆರೆ, ಹೊಳೆಗಳ ಬಣ್ಣದ ನಕ್ಷೆ ತಂದು ತೋರಿಸಿದರೆ ಬೆರಗಾಗಿ ತಲೆದೂಗುವುದು ಬೇಡ, ಹಳಿಯುವುದೂ ಬೇಡ. ರೈತ ಬಂಧುಗಳು ವಿನಯದಿಂದ ಒಂದೇ ಪ್ರಶ್ನೆ ಕೇಳಲಿ: “ಸ್ವಾಮಿ, ಇದನ್ನು ಅಳೆದದ್ದೆಲ್ಲಿ, ಎಷ್ಟು ಸಲ?”