ರಕ್ತಸಂಬಂಧಕ್ಕೂ ಒಂದು ವರ್ಷದ ಗಡುವು

ಜನ್ಮಸಿದ್ಧ ಪೌರತ್ವದ ಬಗ್ಗೆ ಟ್ರಂಪ್ ಎಬ್ಬಿಸಿದ ರಂಪ ಏನು ಎಂದು ನಾನು ಹೇಳಿಕೊಡಬೇಕಾಗಿಲ್ಲ. ಅಮೆರಿಕದ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗಬಾರದು ಎಂಬ ಆದೇಶಕ್ಕೆ 2025ರ ಜನವರಿ 20ರಂದು ಅವರು ಸಹಿ ಹಾಕಿದಂದಿನಿಂದ ನಮ್ಮ ಟಿವಿಗಳು ಅದನ್ನೇ ಅರೆದು ಕುಡಿಸುತ್ತಿವೆ. ಈ ವಾರವೂ ಒಂದು ಚರ್ಚೆ ಇತ್ತು. ಸೂಟು ತೊಟ್ಟ ಪಂಡಿತರೊಬ್ಬರು ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯನ್ನು ಕಂಠಪಾಠ ಒಪ್ಪಿಸಿ, ಕೊನೆಗೆ ಎದೆಯುಬ್ಬಿಸಿ ಒಂದು ಮಾತು ಒಗೆದರು: ನಮಗೆ ಈ ತಾಪತ್ರಯವೇ ಇಲ್ಲ, ಭಾರತೀಯರ ಮಗು ಭೂಮಿಯ ಯಾವ ಮೂಲೆಯಲ್ಲಿ ಹುಟ್ಟಿದರೂ ಭಾರತೀಯವೇ ತಾನೇ?

ಅಲ್ಲ ಸ್ವಾಮಿ. 2004ರ ಡಿಸೆಂಬರ್ 3ರಿಂದ ಅಲ್ಲ.

1955ರ ಪೌರತ್ವ ಕಾಯಿದೆಯ 4ನೇ ಸೆಕ್ಷನ್ ತೆಗೆದು ನೋಡಿ. ಆ ದಿನದ ನಂತರ ಹೊರದೇಶದಲ್ಲಿ ಹುಟ್ಟಿದ ಮಗು, ಅಪ್ಪ ಅಮ್ಮ ಇಬ್ಬರೂ ಅಪ್ಪಟ ಭಾರತೀಯರಾಗಿದ್ದರೂ, ಒಂದು ವರ್ಷದೊಳಗೆ ಅಲ್ಲಿನ ನಮ್ಮ ಕಾನ್ಸುಲೇಟಿನಲ್ಲಿ ಅದರ ಜನನ ನೋಂದಣಿ ಆಗದಿದ್ದರೆ ಭಾರತದ ಪ್ರಜೆಯಲ್ಲ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿನ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಹೆತ್ತವರು ಬರೆದುಕೊಡಬೇಕು. ಊರಿನಲ್ಲಿ ಹುಟ್ಟಿದ ಮಗುವಿಗೆ ಜನನ ನೋಂದಣಿ ಬರೀ ಸಾಕ್ಷಿ. ಮಾಡಿಸದಿದ್ದರೆ ಶಾಲೆಗೆ ಸೇರಿಸುವಾಗ ಪರದಾಟ, ಅಷ್ಟೇ. ಹೊರಗೆ ಹುಟ್ಟಿದ ಮಗುವಿಗೆ ಅದೇ ಬುಡ. ನೋಂದಣಿ ಇಲ್ಲ ಎಂದರೆ ಪೌರತ್ವವೇ ಇಲ್ಲ.

ಇದನ್ನು ನಾನು ಗ್ರಂಥಾಲಯದಲ್ಲಿ ಕೂತು ಕಲಿತದ್ದಲ್ಲ. ನಮ್ಮದು ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿ ಕಡೆಯ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಲ್ಲಿ ಮರಗೆಣಸು ಬೆಳೆದುಕೊಂಡಿರುವ ಚಿಕ್ಕಪ್ಪನ ಮಗನ ಮಗ ಈಗ ಇಂಗ್ಲೆಂಡಿನಲ್ಲಿದ್ದಾನೆ. ಹೆಂಡತಿ ನರ್ಸು. ಅವರಿಗೊಂದು ಹೆಣ್ಣು ಕೂಸು. ಆ ದೇಶದಲ್ಲಿ ಹುಟ್ಟಿದ ಮಾತ್ರಕ್ಕೆ ಕೂಸು ಬ್ರಿಟಿಷ್ ಆಗುವುದಿಲ್ಲ; 1983ರಿಂದ ಅಲ್ಲಿಯೂ ಆ ಬಾಗಿಲು ಮುಚ್ಚಿದೆ. ಹೆತ್ತವರಲ್ಲಿ ಒಬ್ಬರಾದರೂ ಅಲ್ಲಿನ ಪ್ರಜೆಯಾಗಿರಬೇಕು, ಇಲ್ಲವೇ ಅಲ್ಲಿ ಕಾಯಂ ನೆಲೆಸಲು ಪರವಾನಗಿ ಪಡೆದಿರಬೇಕು. ಸರಿ, ನಮ್ಮ ಕಾನ್ಸುಲೇಟಿಗೆ ಅರ್ಜಿ ಹಾಕಿದರು. ವಾಪಸು ಬಂತು. ತಿದ್ದಿ ಹಾಕಿದರು. ಮತ್ತೆ ವಾಪಸು. ಹೀಗೆ ಕಾಗದ ಸಮುದ್ರದಾಚೆಗೂ ಈಚೆಗೂ ಓಡಾಡುವುದರಲ್ಲಿ ಕೂಸಿನ ಮೊದಲ ಹುಟ್ಟುಹಬ್ಬ ಆಗಿಹೋಯಿತು. ಕೇಕು ಕತ್ತರಿಸಿದ ದಿನವೇ ಗಡುವೂ ಕತ್ತರಿಸಿತು.

ವಾಪಸು ಬಂದದ್ದು ಯಾಕೆ? ಇನಿಶಿಯಲ್ಲು!

ಈ ಅಂಕಣ ಓದುವವರಿಗೆ ನನ್ನ ಇನಿಶಿಯಲ್ ಹುಚ್ಚು ಹೊಸದಲ್ಲ, ಆದರೂ ಸಹಿಸಿಕೊಳ್ಳಿ. ಪಾಸ್‌ಪೋರ್ಟ್ ಫಾರಮ್ಮು ‘ಸರ್‌ನೇಮ್’ ಕೇಳುತ್ತದೆ. ನಮ್ಮ ಕಡೆಯವರಿಗೆ ಆ ಅಂಗವೇ ಇಲ್ಲ. ಹುಡುಗನ ಹೆಸರಿನ ಮುಂದಿದ್ದ ‘ಎಂ’ ಎಂಬ ಅಕ್ಷರವನ್ನು ಏಜೆಂಟನೊಬ್ಬ ಬಿಡಿಸಿ ‘ಮಾದಪ್ಪ’ ಮಾಡಿ ಸರ್‌ನೇಮಿನ ಜಾಗದಲ್ಲಿ ಕೂರಿಸಿದ್ದ. ಮಾದಪ್ಪ ಎಂದರೆ ಹುಡುಗನ ಅಪ್ಪ, ಅಂದರೆ ನನ್ನ ತಮ್ಮ. ಹುಡುಗಿಯ ಸರ್‌ನೇಮು ಅವಳಪ್ಪನ ಹೆಸರು. ಕೂಸಿನ ಇಂಗ್ಲಿಷ್ ಜನನ ಪ್ರಮಾಣಪತ್ರದಲ್ಲಿ ಸರ್‌ನೇಮು ಅದರಪ್ಪನ ಹೆಸರು, ನಮ್ಮಲ್ಲಿ ನಡೆದುಬಂದ ಹಾಗೆ. ಮೂರು ಜನರ ಸಂಸಾರ, ಮೂರು ಸರ್‌ನೇಮು. ಇವರು ಒಂದೇ ಮನೆಯವರು ಎಂದು ನಂಬುವುದು ಹೇಗೆ, ಅಫಿಡವಿಟ್ ತನ್ನಿ ಎಂದರು. ಮುಂಬೈಯವರಿಗೂ ಪಂಜಾಬಿನವರಿಗೂ ಈ ತೊಂದರೆ ಇಲ್ಲ. ನಾವು ಮಾತ್ರ ಅಪ್ಪನನ್ನು ಒಂದು ಅಕ್ಷರಕ್ಕೆ ಇಳಿಸಿ, ಚುಕ್ಕೆ ಇಟ್ಟು, ಹೆಸರಿನ ಮುಂದೆ ಕೂರಿಸಿಕೊಂಡು ಲೋಕ ಸುತ್ತುತ್ತೇವೆ.

ಒಂದು ಗಳಿಗೆ ಊಹಿಸಿಕೊಳ್ಳಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರಿಗೆ ಮಗ ಲಂಡನ್ನಿನಲ್ಲಿ ಹುಟ್ಟಿದ್ದರೆ? ಅಪ್ಪ ಪುಟ್ಟಪ್ಪ, ಮಗ ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ. ಕೌಂಟರಿನವರು ಕನ್ನಡಕದ ಮೇಲಿನಿಂದ ನೋಡಿ, ಕುಪ್ಪಳಿ ಎಂದರೆ ಯಾರು, ತೇಜಸ್ವಿ ಎಲ್ಲಿಂದ ಬಂತು, ಅಪ್ಪನ ಹೆಸರು ಮಧ್ಯದಲ್ಲೇಕಿದೆ ಎಂದು ಕೇಳಿ ಫೈಲು ಮುಚ್ಚುತ್ತಿದ್ದರು. ಕವಿಗಳು ಅಫಿಡವಿಟ್ ಬರೆಯುತ್ತ ಕೂರಬೇಕಾಗುತ್ತಿತ್ತು. ನಗಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ಹೇಳಿದಾಗ ಮೊದಲು ಒದ್ದಾಡಿದವರು ನಮ್ಮ ದಕ್ಷಿಣದವರೇ.

ಹೆಸರಿನ ಗಂಟು ಬಿಡಿಸುವಷ್ಟರಲ್ಲಿ ಊರಿನ ಗಂಟು. ಪಾಪಿರೆಡ್ಡಿಪಟ್ಟಿಗೆ ಇಂಗ್ಲಿಷಿನಲ್ಲಿ ಒಂದು ‘ಪಿ’ ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ, ಕೊನೆಗೆ ‘ಐ’ ಬದಲು ‘ವೈ’ ಹಾಕುವವರೂ ಇದ್ದಾರೆ. ಹುಡುಗನ ಪಾಸ್‌ಪೋರ್ಟಿನಲ್ಲಿ ಒಂದು, ಮದುವೆ ನೋಂದಣಿಯಲ್ಲಿ ಇನ್ನೊಂದು. ಅವನ ತಾತನ ಜಮೀನಿನ ಕಾಗದದಲ್ಲಿ ಅದೇ ಊರು ಸೇಲಂ ಜಿಲ್ಲೆಯಲ್ಲಿದೆ, ಯಾಕೆಂದರೆ ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ. ಇನ್ನು ತಮಿಳು ಲಿಪಿಯಲ್ಲಿ ‘ಪ’ಗೂ ‘ಬ’ಗೂ ಒಂದೇ ಅಕ್ಷರ. ಕನ್ನಡದ ಬಸಪ್ಪ ಪಟ್ಟಾದಲ್ಲಿ ಬಸಪ್ಪನೋ ಪಸಪ್ಪನೋ ಆಗುವುದು ಇಂಗ್ಲಿಷಿಗೆ ಇಳಿಸುವ ಗುಮಾಸ್ತನ ಕೃಪೆ. ಗಡಿನಾಡಿನ ಕನ್ನಡ ಮನೆಗಳಲ್ಲಿ ಇದು ದಿನನಿತ್ಯದ ಮಾತು. ಊರಲ್ಲಿದ್ದಾಗ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತು. ಕಾನ್ಸುಲೇಟಿನ ಕೌಂಟರಿನಲ್ಲಿ ಪ್ರತಿ ಅಕ್ಷರವೂ ಒಬ್ಬ ಬೇರೆ ಮನುಷ್ಯ.

ವಿಷಯ ತಿಳಿದ ತಮ್ಮ ಹೊಲದಿಂದಲೇ ಫೋನು ಮಾಡಿದ. “ಅಣ್ಣಾ, ಅವರ ಸಹವಾಸವೇ ಬೇಡ. ನಮ್ಮ ವಿಎಓ ಕೈಲಿ ಹೇಳಿ, ಕೂಸು ಇಲ್ಲೇ ಹುಟ್ಟಿತು ಅಂತ ಬರೆಸ್ಬಿಡ್ಲಾ?” ತಮಿಳುನಾಡಿನ ಹಳ್ಳಿಗಳಲ್ಲಿ ಜನನ ಮರಣ ಬರೆದುಕೊಳ್ಳುವವರು ಆ ವಿಎಓಗಳೇ, ಅಂದರೆ ಗ್ರಾಮ ಆಡಳಿತಾಧಿಕಾರಿಗಳೇ. “ಬರೆಸ್ತೀಯಪ್ಪಾ, ಆದರೆ ಕೂಸು ಇಲ್ಲಿಗೆ ಬರೋದು ಯಾವ ಪಾಸ್‌ಪೋರ್ಟಿನಲ್ಲಿ?” ಎಂದೆ. ಆ ಕಡೆ ಸುಮಾರು ಹೊತ್ತು ಬರೀ ಪಂಪ್‌ಸೆಟ್ಟಿನ ಸದ್ದು.

ತಮಾಷೆ ಏನೆಂದರೆ ಇದಕ್ಕೊಂದು ನೇರದಾರಿಯ ನೆರಳು ಕಾಯಿದೆಯಲ್ಲೇ ಇದೆ. 1969ರ ಜನನ ಮರಣ ನೋಂದಣಿ ಕಾಯಿದೆಯ 20ನೇ ಸೆಕ್ಷನ್ ಪ್ರಕಾರ, ಹೊರದೇಶದಲ್ಲಿ ಹುಟ್ಟಿ ಅಲ್ಲಿನ ನಮ್ಮ ಕಾನ್ಸುಲೇಟಿನಲ್ಲಿ ದಾಖಲಾಗದ ಮಗುವನ್ನು ಕರೆದುಕೊಂಡು ಹೆತ್ತವರು ಇಲ್ಲೇ ನೆಲೆಸಲು ಬಂದರೆ, ಮಗು ಬಂದ 60 ದಿನದೊಳಗೆ ಇಲ್ಲಿಯೇ ಹುಟ್ಟಿದ ಮಗುವಿನ ಹಾಗೆ ನೋಂದಾಯಿಸಬಹುದು. ಕೇಳಲು ಎಷ್ಟು ಚೆಂದ! ಆದರೆ ಅದರಿಂದ ಸಿಗುವುದು ಜನನ ಪ್ರಮಾಣಪತ್ರ, ಪೌರತ್ವವಲ್ಲ. ಎರಡು ಕಾಯಿದೆಗಳನ್ನೂ ನಡೆಸುವುದು ದೆಹಲಿಯ ಒಂದೇ ಗೃಹ ಸಚಿವಾಲಯ. ಬಲಗೈ ‘ಬಾ ಮಗು’ ಎನ್ನುತ್ತದೆ, ಎಡಗೈ ‘ನೀನು ಯಾರು’ ಎನ್ನುತ್ತದೆ.

ಇಷ್ಟಕ್ಕೂ ಈ ಗಡುವು ಬಂದ ಕಥೆ ಕೇಳಬೇಕು. 1992ರವರೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ಬರುತ್ತಿದ್ದುದು ಅಪ್ಪನಿಂದ ಮಾತ್ರ. ಅಮ್ಮ ಭಾರತೀಯಳಾಗಿದ್ದು ಅಪ್ಪ ವಿದೇಶಿಯಾದರೆ ಲೆಕ್ಕಕ್ಕಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ತಾಯಿಗೂ ಸಮಾನ ಸ್ಥಾನ ಸಿಕ್ಕಿತು, ಒಳ್ಳೆಯ ಕೆಲಸ. ಆಮೇಲೆ 2003ರ ಜನವರಿ 9ರಂದು ಮೊದಲನೆಯ ಪ್ರವಾಸಿ ಭಾರತೀಯ ದಿವಸ. ವಾಜಪೇಯಿಯವರು ಎರಡು ಪೌರತ್ವದ ಭರವಸೆ ಕೊಟ್ಟರು, ಸಭೆ ಚಪ್ಪಾಳೆ ಹೊಡೆಯಿತು. ಆ ಭರವಸೆಯನ್ನು ಕಾಯಿದೆಗೆ ಇಳಿಸಿದ ತಿದ್ದುಪಡಿ ಇದೆಯಲ್ಲ, ಅದೇ ತಿದ್ದುಪಡಿಯ ಒಳಗೆ ಈ ಒಂದು ವರ್ಷದ ಕತ್ತರಿಯೂ ಇತ್ತು. ಎಂದೋ ಬೇರೆ ದೇಶದ ಪ್ರಜೆಗಳಾಗಿ ಹೋದವರಿಗೆ ಹೊಸ ಕಾರ್ಡು; ಭಾರತೀಯರಾಗಿಯೇ ಉಳಿದವರ ಎಳೆಗೂಸಿಗೆ ಹೊಸ ಗಡುವು. ಚಪ್ಪಾಳೆ ಹೊಡೆದವರು ಅದನ್ನು ಓದಲಿಲ್ಲ.

ಟ್ರಂಪ್ ಅವರನ್ನು ಬೈಯುವವರು ಇದನ್ನೂ ಓದಿಲ್ಲ: ಈ ನೆಲದಲ್ಲಿ ಹುಟ್ಟಿದವರೆಲ್ಲ ಭಾರತೀಯರು ಎಂಬ ನಿಯಮವನ್ನು ನಾವೇ 1987ರ ಜುಲೈ 1ರಿಂದ ಕೈಬಿಟ್ಟೆವು. ಆತ ಮಾಡಲು ಹೊರಟದ್ದನ್ನು ನಾವು ಯಾವ ಸದ್ದುಗದ್ದಲವೂ ಇಲ್ಲದೆ ಮಾಡಿ ಮುಗಿಸಿ ಕೂತಿದ್ದೇವೆ. ನೆಲದ ಹಕ್ಕು ಬೇಡ, ರಕ್ತದ ಹಕ್ಕು ಸಾಕು ಎಂದೆವು. ಆಮೇಲೆ ರಕ್ತಕ್ಕೂ ಫಾರಮ್ಮು ತುಂಬಿಸಿದೆವು.

ಮಗು ಹಾಗಾದರೆ ಯಾರದು? ಈ ಪ್ರಶ್ನೆಯನ್ನು ನಮಗಿಂತ ಮೊದಲು ಕೇಳಿಕೊಂಡದ್ದು ಬ್ರಿಟಿಷರು. ಅಲ್ಲಿ ಹುಟ್ಟಿ, ಯಾವ ದೇಶದ ಪೌರತ್ವವೂ ಇಲ್ಲದೆ ಐದು ವರ್ಷ ಅಲ್ಲೇ ಬೆಳೆದ ಮಗುವಿಗೆ ಬ್ರಿಟಿಷ್ ಪೌರತ್ವ ಕೇಳುವ ಹಕ್ಕಿದೆ. ಭಾರತೀಯ ದಂಪತಿಯ ಮಗುವೊಂದರ ಪರವಾಗಿ ಹೀಗೆ ಅರ್ಜಿ ಹೋಯಿತು. ಅಲ್ಲಿನ ಸರ್ಕಾರ, ಅಪ್ಪ ಅಮ್ಮ ಭಾರತೀಯರು, ಹೋಗಿ ನೋಂದಾಯಿಸಿಕೊಳ್ಳಲಿ ಎಂದಿತು. ಇಂಗ್ಲೆಂಡಿನ ಹೈಕೋರ್ಟ್ 2017ರಲ್ಲಿ ನಮ್ಮ ಕಾಯಿದೆಯನ್ನು ನಮ್ಮ ಟಿವಿ ಪಂಡಿತರಿಗಿಂತ ಚೆನ್ನಾಗಿ ಓದಿ, ನೋಂದಣಿ ಆಗಿಲ್ಲದ್ದರಿಂದ ಈ ಮಗು ಭಾರತೀಯವಲ್ಲ, ಯಾವ ದೇಶಕ್ಕೂ ಸೇರದ ಮಗು ಎಂದಿತು. ಅಷ್ಟೇ ಸಾಕಾಯಿತು. ಬೇಕೆಂದೇ ನೋಂದಾಯಿಸದೆ ಐದು ವರ್ಷ ಕಾದು ಕೂರುವವರಿಗೆ ಅದೊಂದು ದಾರಿಯಾಯಿತು. ಕೊನೆಗೆ ಬ್ರಿಟಿಷ್ ಸಂಸತ್ತು 2022ರಲ್ಲಿ ತನ್ನ ಕಾಯಿದೆಯನ್ನೇ ತಿದ್ದಿ ಆ ದಾರಿಗೆ ಬೇಲಿ ಹಾಕಿತು. ನಮ್ಮ ಹುಡುಗನಿಗೂ ಅಲ್ಲಿನ ಹಿತೈಷಿಯೊಬ್ಬರು ‘ಸುಮ್ಮನಿದ್ದುಬಿಡಿ, ಒಳ್ಳೆಯದೇ ಆಯಿತು’ ಎಂದು ಹಳೆಯ ಉಪದೇಶವನ್ನೇ ಮಾಡಿದ್ದರಂತೆ. ನಮ್ಮ ಸೆಕ್ಷನ್ನಿನ ತೂತು ಮುಚ್ಚಲು ಅವರ ಸಂಸತ್ತು ಕೂರಬೇಕಾಯಿತು; ನಮ್ಮದು ಇನ್ನೂ ಕೂತಿಲ್ಲ.

ನಮ್ಮ ನ್ಯಾಯಾಲಯಗಳು ಕೈ ಹಿಡಿಯುತ್ತವೆ ಎಂದುಕೊಂಡರೆ ಅದೂ ಕಷ್ಟ. ತಮಿಳುನಾಡು ಮೂಲದ ದಂಪತಿ ಸಿಂಗಪುರದ ಪೌರತ್ವ ಪಡೆದಾಗ ತಾಯಿ ತುಂಬು ಗರ್ಭಿಣಿ. 1999ರ ಮಾರ್ಚಿನಲ್ಲಿ ಹುಟ್ಟಿದ ಮಗ ದೊಡ್ಡವನಾಗಿ, ನಾನು ಗರ್ಭದಲ್ಲಿದ್ದಾಗ ಭಾರತೀಯನೇ ಆಗಿದ್ದೆ, ನನ್ನ ಪೌರತ್ವ ಮರಳಿ ಕೊಡಿ ಎಂದು ಬಂದ. ಮದ್ರಾಸ್ ಹೈಕೋರ್ಟ್ ಒಪ್ಪಿತು. ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 18ರಂದು ಒಪ್ಪಲಿಲ್ಲ: ಕಾಯಿದೆಯ ಮಾತು ಸ್ಪಷ್ಟವಾಗಿರುವಾಗ ಅದನ್ನು ಹಿಗ್ಗಿಸಿ ಪೌರತ್ವ ಕೊಡಲಾಗದು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ನನ್ನ ತಕರಾರು ನ್ಯಾಯಮೂರ್ತಿಗಳ ಮೇಲಲ್ಲ. ಕಾಯಿದೆಯ ಮಾತು ಅಷ್ಟು ಸ್ಪಷ್ಟವಾಗಿದ್ದರೆ ಅದನ್ನು ವೀಸಾ ಹಿಡಿದು ವಿಮಾನ ಹತ್ತುವ ಪ್ರತಿ ಗಂಡಹೆಂಡಿರ ಕಿವಿಗೂ ಹಾಕಬಹುದಲ್ಲ?

ಗಡುವು ಮೀರಿದವರಿಗೆ ದೆಹಲಿ ಅನುಮತಿ ಕೊಡುವುದಿಲ್ಲವೇ? ಕೊಡುತ್ತದೆ. ಕೊಡಲೇಬೇಕು ಎಂದು ಮಾತ್ರ ಕಾಯಿದೆ ಹೇಳುವುದಿಲ್ಲ. ಹುಟ್ಟಿನ ಹಕ್ಕಾಗಿದ್ದದ್ದು ಅಧಿಕಾರಿಯ ಔದಾರ್ಯವಾಯಿತು. ಬೇಕಾಗಿದ್ದ ತಿದ್ದುಪಡಿ ಒಂದೇ ಸಾಲಿನದು: ನೋಂದಣಿ ತಡವಾದರೆ ಹೆತ್ತವರಿಗೆ ದಂಡ ಹಾಕಿ, ಮಗುವಿನ ಪೌರತ್ವವನ್ನು ಮುಟ್ಟಬೇಡಿ. ಸೋಮಾರಿತನ ಮಾಡಿದ್ದು ಅಪ್ಪ, ಶಿಕ್ಷೆ ತೊಟ್ಟಿಲಿಗೆ. ಇದು ಯಾವ ಸೀಮೆಯ ನ್ಯಾಯ?

ನಮ್ಮ ಅಜ್ಜಿ ಹುಟ್ಟಿದ ವರ್ಷ ಅವಳಿಗೇ ಗೊತ್ತಿರಲಿಲ್ಲ. ಜನನ ಪ್ರಮಾಣಪತ್ರ ಹೋಗಲಿ, ಸಹಿ ಹಾಕಲೂ ಬರುತ್ತಿರಲಿಲ್ಲ. 1952ರ ಮೊದಲ ಚುನಾವಣೆಯಿಂದ ಸಾಯುವ ತನಕ ಒಂದೂ ತಪ್ಪಿಸದೆ ವೋಟು ಹಾಕಿದಳು. ಈ ಮಣ್ಣಿನಲ್ಲಿದ್ದಾಳೆ ಎಂಬುದೇ ಅವಳ ದಾಖಲೆ. ಸಂವಿಧಾನ ಅಷ್ಟಕ್ಕೇ ಒಪ್ಪಿಕೊಂಡಿತ್ತು. ಅವಳ ಮರಿಮಗನ ಕೂಸಿಗೆ ಒಂದು ಚೀಲ ಕಾಗದವಿದೆ. ಪ್ರಜೆ ಮಾತ್ರ ಅಲ್ಲ.

ಯಾರ ಬಳಿ ಹೋಗಿ ಹೇಳುವುದು? ಕೇರಳ 1996ರಲ್ಲೇ ಹೊರದೇಶದ ತನ್ನವರಿಗಾಗಿ ನೋರ್ಕಾ ಎಂಬ ಇಲಾಖೆಯನ್ನೇ ತೆರೆಯಿತು. ತಮಿಳುನಾಡು ಪ್ರತಿ ಜನವರಿಯಲ್ಲಿ ಹೊರನಾಡ ತಮಿಳರ ದಿನ ಆಚರಿಸುತ್ತದೆ. ಕರ್ನಾಟಕಕ್ಕೆ ಅನಿವಾಸಿ ಭಾರತೀಯರ ಸಮಿತಿ ಇದೆ. ಪಾಪಿರೆಡ್ಡಿಪಟ್ಟಿಯ ಕನ್ನಡದ ಹುಡುಗ ಚೆನ್ನೈಗೆ ಕನ್ನಡದವನು, ಬೆಂಗಳೂರಿಗೆ ತಮಿಳುನಾಡಿನವನು. ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ 2015ರಲ್ಲಿ ನಿಂತಿತು. ಲಂಡನ್ನಿಗೆ ಹೋದ ನಮ್ಮ ಮಂತ್ರಿ ಶಾಸಕರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಕಾನ್ಸುಲೇಟಿನ ಕ್ಯೂವರೆಗೆ ನಡೆದು ಹೋದವರ ಸುದ್ದಿಯನ್ನು ನಾನು ಕೇಳಿಲ್ಲ.

2017ರ ಪ್ರವಾಸಿ ಭಾರತೀಯ ದಿವಸ ನಡೆದದ್ದು ಬೆಂಗಳೂರಿನಲ್ಲೇ. ನಾವು ನೋಡುವುದು ಪಾಸ್‌ಪೋರ್ಟಿನ ಬಣ್ಣವನ್ನಲ್ಲ, ರಕ್ತಸಂಬಂಧವನ್ನು ಎಂಬರ್ಥದಲ್ಲಿ ಪ್ರಧಾನಿ ಮಾತಾಡಿದರು. ಬಣ್ಣದ ಮಾತು ಹಾಗಿರಲಿ, ನಮ್ಮ ಕೂಸಿಗೆ ಪಾಸ್‌ಪೋರ್ಟೇ ಇಲ್ಲ. ಆದ್ದರಿಂದ ಹೊರನಾಡಿನಲ್ಲಿರುವವರಿಗೆ ನನ್ನದೊಂದು ಸಲಹೆ. ಮುಂದಿನ ಸಲ ಯಾವ ಮಂತ್ರಿಯಾದರೂ ನಿಮ್ಮೂರಿಗೆ ಬಂದು, ಶಾಲು ಹೊದೆಸಿಕೊಂಡು, ‘ನೀವು ಎಲ್ಲೇ ಇದ್ದರೂ ಭಾರತಮಾತೆಯ ಮಕ್ಕಳು’ ಎಂದರೆ ಕೂಡಲೇ ಚಪ್ಪಾಳೆ ಹೊಡೆಯಬೇಡಿ. ಎದ್ದು ನಿಂತು ವಿನಯದಿಂದ ಕೇಳಿ: ಆ ತಾಯಿ ವರ್ಷದೊಳಗೆ ನೋಂದಣಿ ಮಾಡಿಸಿದ್ದಾರಾ ಸಾರ್? ಇಲ್ಲದಿದ್ದರೆ ಅವರೂ ದೆಹಲಿಯಿಂದ ಅನುಮತಿ ತರಬೇಕಾಗುತ್ತದೆ. ಸರ್‌ನೇಮು ಹೊಂದಿಕೆಯಾಗದಿದ್ದರೆ ಅಫಿಡವಿಟ್ಟು ಬೇರೆ.